ದಪ್ಪ ಸಿಪ್ಪೆ

ರಾಣಾಘಾಟಿನ ನಮ್ಮನೆಯಲ್ಲಿ ಒಂದು ಸೋರೆಕಾಯಿಗೆ ಎರಡು ಪಲ್ಯ.
ತಿರುಳು, ಬೇಳೆಯೊಡನೆ, ಅಪ್ಪನಿಗೂ ತಮ್ಮ ಪ್ರಬೀರನಿಗೂ.
ಸಿಪ್ಪೆ ನಮಗೆ:
ಎಳೆ ಎಳೆಯಾಗಿ ಹೆಚ್ಚಿ, ಕರಿಜೀರಿಗೆ ಸಿಡಿಸಿ,
ಗಸಗಸೆ ಉದುರಿಸಿ,
ಬಾಣಲೆಯಲ್ಲೇ ಅನ್ನ ಕಲಸಿ
ಅಮ್ಮ, ಬಿಂದು ಚಿಕ್ಕಮ್ಮ, ನಾನು.

ಮೊನ್ನೆ ಬಂದಿದ್ದ ಪ್ರಬೀರ. ಅರವತ್ತೆಂಟು, ಸಕ್ಕರೆ ಕಾಯಿಲೆ.
"ದೀದಿ, ಒಳಗೆ ಏನು ತಿಂತಿದ್ರಿ ನೀವು?
ನಗು ಮಾತ್ರ ಕೇಳಿಸೋದು ನನಗೆ."

ಈಳಿಗೆಮಣೆ ಎಳೆದು ಕೂತೆ.
ಮಂಡಿ ನೋಯುತ್ತದೆ, ಇರಲಿ.
"ಅಯ್ಯೋ, ಇಷ್ಟು ದಪ್ಪ ಹೆರೆದರೆ
ತಿರುಳೆಲ್ಲ ಸಿಪ್ಪೆಗೇ ಹೋಯಿತಲ್ಲ!"

ಅಪ್ಪನೂ ಅಮ್ಮನಿಗೆ ದಿನಾ ಇದನ್ನೇ ಅನ್ನುತ್ತಿದ್ದರು:
ಕೈ ಹಿಡಿತವೇ ಇಲ್ಲ ನಿನಗೆ.

ಬಾಣಲೆಯನ್ನೇ ಮುಂದಿಟ್ಟೆ.
ಮೂರನೇ ತುತ್ತಿಗೆ
ಅಗಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ.
ನಾನು ಉಪ್ಪಿನ ಡಬ್ಬಿ ಮುಚ್ಚಿದೆ.