ಚಿಲ್ಲರೆ

ಕೌಲ್ ಬಜಾರಿನ ಗುಜರಿಯಲ್ಲಿ
ತುಕ್ಕು ಹಿಡಿದ ಫ್ಯಾನಿನ ರೆಕ್ಕೆಗಳ ಕೆಳಗೆ
ಬೋರಲು ಬಿದ್ದಿತ್ತು.
ಖಾಸಿಂಸಾಬ ಇನ್ನೂರೈವತ್ತು ಅಂದ,
ನಾನು ಎಂಬತ್ತು.
ನೂರಾ ನಲವತ್ತಕ್ಕೆ ಇಬ್ಬರಿಗೂ ಸಿಟ್ಟು ಬಂದು
ವ್ಯಾಪಾರ ಮುಗಿಯಿತು.

ಕಂಡಕ್ಟರನ ಚೀಲ.
ಹೆಗಲಿಂದ ಸೊಂಟಕ್ಕೆ ಅಡ್ಡ ಬೀಳುವ ಪಟ್ಟಿ,
ಒಳಗೆ ಮೂರು ಅರೆ, ಹಿತ್ತಾಳೆ ಬಕಲು,
ಮುಚ್ಚಳದ ಮೇಲೆ ಒತ್ತಿದ ನಂಬರು: ನೂರಾ ಹದಿನಾಲ್ಕು.
ಅದರ ಹಿಂದಿನ ಅಕ್ಷರಗಳು
ಸೀಟಿನ ಸರಳುಗಳಿಗೆ ಉಜ್ಜಿ ಉಜ್ಜಿ ಹೋಗಿವೆ.
ಚರ್ಮ ಹಪ್ಪಳ. ಮಡಚಿದರೆ ಮುರಿದೀತು.

ಯಾರ ಮೈ ಬೆವರೋ, ಹೊರಗಿಡು ಅಂದರು ಅತ್ತೆ.
ಹೊರಗೇ ಇಟ್ಟೆ,
ನಮ್ಮೂರ ಬಿಸಿಲು ಒಂಬತ್ತಕ್ಕೇ ಕಟ್ಟೆ ಹತ್ತುತ್ತದೆಂದು
ಮೇಲೊಂದು ಗೋಣಿ ಹೊದಿಸಿ.

ಮೋತಿ ಸರ್ಕಲ್ಲಿನ ಮಾರೆಣ್ಣ ಮೂಸಿ ನೋಡಿದ.
"ಎಮ್ಮೆ. ತಂಗಡಿ ತೊಗಟೆಯಾಗ ನೆನೆಸಿದ್ದು, ಹದ ಐತೆ.
ಪಾಲಿಶ್ ಹಚ್ಚಬ್ಯಾಡ, ಉಸಿರು ಕಟ್ತೈತೆ.
ಹರಳೆಣ್ಣೆ. ಒಮ್ಮೆಗೇ ಸುರೀಬ್ಯಾಡ,
ಉಪಾಸ ಬಿಟ್ಟೋರಿಗೆ ಗಂಜಿ ಕುಡಿಸಿದಂಗ ಕುಡಿಸು."
ನೀನೇ ಮಾಡಿಕೊಡು ಅಂದೆ.
"ಹೊಲಿಯೋಳು ನೀನಲ್ಲೇನು" ಅಂದು
ದಬ್ಬಣ ಕೊಟ್ಟ. ಸಾಲ. ಶುಕ್ರವಾರಕ್ಕೆ ವಾಪಸು.

ಹೊಲಿಯುವಳೇ ಹೌದು.
ಮಿಲ್ಲರ್‌ಪೇಟೆಯ ಜೀನ್ಸ್ ಯುನಿಟ್ಟಿನಲ್ಲಿ
ದಿನಕ್ಕೆ ಇನ್ನೂರು ಪ್ಯಾಂಟಿನ ಹಿಂಜೇಬು ನನ್ನವು,
ಎರಡು ಸಾಲು, ಕಿತ್ತಳೆ ದಾರ.
ಯಾವ್ಯಾವ ಊರಲ್ಲಿ ಯಾರ್ಯಾರು
ಅವುಗಳ ಮೇಲೆ ಕೂತಿದ್ದಾರೋ, ದೇವರೇ ಬಲ್ಲ.

ಅಂಟುವಾಳದ ನೊರೆಯಲ್ಲಿ ಒರೆಸಿದೆ.
ಬಟ್ಟೆಗೆ ಮೊದಲು ಕರಿ ಬಂತು,
ಆಮೇಲೆ ಸಂಡೂರಿನ ಕೆಂಪು,
ಅದಿರು ಲಾರಿಗಳ ಬೆನ್ನು ಹಿಡಿದು ಹೋದ ಬಸ್ಸಿನದು.
ಹುಣಸೆಹುಳಿಗೆ ಬಕಲಿನ ಕಿಲುಬು ಬಿಟ್ಟು
ಅಲ್ಲೊಂದು ಮುಖ ಕಂಡಿತು, ಅಗಲಕ್ಕೆ, ನನ್ನದೇ.
ಎಣ್ಣೆ, ಒಂದು ರಾತ್ರಿ ಬಿಡುವು, ಮತ್ತೆ ಎಣ್ಣೆ.
ಐದನೆಯ ರಾತ್ರಿ
ಚೀಲ ಸದ್ದಿಲ್ಲದೆ ಮಡಚಿಕೊಂಡಿತು.

ಅಸ್ತರು ಬಿಚ್ಚಿದೆ.
ಹೊಲಿಗೆಯ ಸಂದಿಯಿಂದ ಉದುರಿದವು
ಟಿಕೆಟ್ಟು ತೂತು ಮಾಡಿದ ಚುಕ್ಕಿಗಳು,
ಗುಲಾಬಿ, ಹಳದಿ, ತಿಳಿ ಹಸಿರು,
ಜೋಳದ ನುಚ್ಚಿನಷ್ಟು.
ಸೀನು ಬಂದದ್ದನ್ನು ತಡೆದುಕೊಂಡೆ.

ಆಮೇಲೆ ನಾಣ್ಯ.
ನಾಲ್ಕಾಣೆ ಏಳು, ಎಂಟಾಣೆ ಮೂರು,
ಹೂವಿನ ಅಂಚಿನ ಹತ್ತು ಪೈಸೆ ಎರಡು.
ಮೂರು ರೂಪಾಯಿ ನಲವತ್ತೈದು ಪೈಸೆ.

ಕುರುಗೋಡಿನ ಬಸ್ಸಲ್ಲಿ ಒಮ್ಮೆ
ಅವ್ವನ ಟಿಕೆಟ್ಟಿನ ಬೆನ್ನಿಗೆ
ಎಂಟಾಣೆ ಬಾಕಿ ಅಂತ ಬರೆದಿದ್ದ ಒಬ್ಬ.
ಇಳಿಯುವಾಗ ಕೇಳಿದರೆ ಚೀಲ ಕುಲುಕಿ, ಚಿಲ್ಲರೆ ಇಲ್ಲಮ್ಮ.
ಕುಲುಕಿದಾಗ ಸದ್ದು ಬಂತಲ್ಲ!
ಬಸ್ಸು ಮರೆಯಾಗುವ ತನಕ ಬೈದಳು ಅವ್ವ,
ಅವನ ಏಳು ತಲೆಗೆ ಸಾಲುವಷ್ಟು.
ಟಿಕೆಟ್ಟು ಸಾಸಿವೆ ಡಬ್ಬಿ ಸೇರಿತು, ಸಾಕ್ಷಿಗೆ.

ಈಗ ಅಸ್ತರಿನ ತೂತಿಗೆ ಕಿರುಬೆರಳು ತೂರಿಸುತ್ತೇನೆ.
ಹೋಗುತ್ತದೆ.
ಅವನೇ ಇವನು ಅಂತಲ್ಲ. ಆದರೂ
ಈ ನೂರಾ ಹದಿನಾಲ್ಕು ಕೈ ಹಾಕಿರಬೇಕು,
ಸದ್ದು ಕೇಳಿರಬೇಕು, ಸಿಕ್ಕಿರಲಿಕ್ಕಿಲ್ಲ.
ರಾತ್ರಿ ಡಿಪೋದಲ್ಲಿ ಲೆಕ್ಕ ಕೂಡದೆ
ಕೈಯಿಂದ ಕಟ್ಟಿ,
ಬೆಳಿಗ್ಗೆ ಕಳೆದದ್ದನ್ನೇ
ಹೆಗಲಿಗೆ ಹಾಕಿಕೊಂಡು ಹೊರಟಿರಬೇಕು.

ಹೋದ ತಿಂಗಳು ಮೂರು ಪೀಸು ಕಮ್ಮಿ ಅಂತ
ನನ್ನ ಕೂಲಿ ಹಿಡಿದರು.
ನಾನಿನ್ನೂ ಎಣಿಸುತ್ತಲೇ ಇದ್ದೇನೆ.

ದಾರಕ್ಕೆ ಜೇನುಮೇಣ ಸವರಿದೆ. ಕಿತ್ತಳೆ ದಾರವೇ,
ಮನೆಯಲ್ಲಿದ್ದದ್ದು ಅದೊಂದೇ.
ನಾಣ್ಯಗಳನ್ನು ಇದ್ದಲ್ಲೇ ಇಟ್ಟು ಹೊಲಿದೆ.
ಒಂದು ಎಂಟಾಣೆ ಮಾತ್ರ ಹೊರಗೆ,
ಸೆರಗಿನ ಗಂಟಲ್ಲಿ, ಅವ್ವನಿಗೆ.

ಶುಕ್ರವಾರ ದಬ್ಬಣ ಕೊಟ್ಟು ಕುರುಗೋಡಿನ ಬಸ್ಸು ಹತ್ತಿದೆ.
ಕಂಡಕ್ಟರು ಹುಡುಗಿ. ಅವಳ ಮಷೀನು ಕಿರ್ರೆಂದು
ಸೊನ್ನೆ ಬರೆದ ಟಿಕೆಟ್ಟು ಕಕ್ಕಿತು.
ಹೆಂಗಸರಿಗೆ ಈಗ ಚಿಲ್ಲರೆಯ ಜಗಳವಿಲ್ಲ.
"ಚಲೋ ಐತೆ ಚೀಲ, ಎಷ್ಟು ಕೊಟ್ರಿ?"
ನೂರಾ ನಲವತ್ತು ಅಂದೆ.
ಗುಂಡಿ ಬಂತು. ಒಳಗಿನವು ಸದ್ದು ಮಾಡಿದವು.
ಅವಳು ತನ್ನ ಚೀಲ ಮುಟ್ಟಿ ನೋಡಿಕೊಂಡಳು.