ಇಪ್ಪತ್ತೈದು ಚೌಕ

ಮೂರನೆಯ ದಿನ ಹೆಸ್ಕೆತ್ ಬರ್ತ್ರಾನ್
ಬಾದಾಮಿ ಮರದಡಿ ಅಪ್ಪಚ್ಚಿಯಾದ ತನ್ನ ಬಸ್ಸಿನೊಳಕ್ಕೆ ತೆವಳಿ
ಬ್ಯಾಟರಿಯನ್ನು ಎಳೆಗೂಸಿನ ಹಾಗೆ ಎತ್ತಿಕೊಂಡು ಬಂದ.
ಶಾಲೆಯ ಧ್ವಜಕಂಬದಿಂದ ತಲೆ ಹೋದ ತೆಂಗಿನ ಮರಕ್ಕೆ
ತಾಮ್ರದ ತಂತಿ ಬಿಗಿದೆವು.
ಡೊಮಿನಿಕಾದ ನಮ್ಮ ಮೂಲೆಯಲ್ಲಿ ಆಗ
ನೆಟ್ಟಗೆ ನಿಂತಿದ್ದು ಅವೆರಡೇ.
ಗುಡ್ಡದ ಮೇಲಿನ ಮೊಬೈಲ್ ಗೋಪುರ
ಸೊಂಟ ಮುರಿದು, ಬಗ್ಗಿ, ಕಣಿವೆಯಲ್ಲಿ ಏನೋ ಹುಡುಕುತ್ತಿತ್ತು.

ನನಗೆ ಹದಿಮೂರು. ಕೆಲಸ, ಪದ ಎಣಿಸುವುದು.
ತಲೆಗೊಂದು ಚೀಟಿ, ಚೀಟಿಗೆ ಇಪ್ಪತ್ತೈದು ಚೌಕ,
ಚೌಕಕ್ಕೊಂದೇ ಪದ,
ಪೂರ್ಣವಿರಾಮಕ್ಕೂ ಒಂದು ಚೌಕದ ದಂಡ.
"ಕೇಳಲಿಕ್ಕೆ ಬ್ಯಾಟರಿ ಏನೂ ತಿನ್ನುವುದಿಲ್ಲ ಮಗಳೇ,
ಮಾತಾಡಿದೆಯೋ, ಇಪ್ಪತ್ತು ಪಾಲು ನುಂಗುತ್ತದೆ" ಎಂದ,
ಮೂವತ್ತು ವರ್ಷ ಸ್ಟಿಯರಿಂಗ್ ಹಿಡಿದು ಬಾಯಿ ಮುಚ್ಚದವನು.

ಸಾಲು ಮೆಟ್ಟಿಲಿಳಿದು ಕೆಸರಿನವರೆಗೆ.
ಮೊದಲು ಬಂದವರು ಕ್ಷೇಮಸಮಾಚಾರದಿಂದ ಶುರುಮಾಡಿದರು.
ಹೊಡೆದು ಹಾಕಿದೆ.
ದೇವರ ದಯೆಯಿಂದ ಎನ್ನಲು ಎರಡು ಚೌಕ.
ಅದನ್ನೂ ಹೊಡೆದೆ, ಪಾದ್ರಿಯ ಕಣ್ಣೆದುರೇ.
"ಇರಲಿ, ಆತನಿಗೆ ಗೊತ್ತು" ಎಂದರು ಅವರು.
ಸಂಜೆಯ ಹೊತ್ತಿಗೆ ಊರಿಗೂರೇ
ಬೆರಳು ಮಡಿಸುತ್ತ, ಸದ್ದಿಲ್ಲದೆ ತುಟಿಯಾಡಿಸುತ್ತ ಕೂತಿತ್ತು.

ಮಾ ಕ್ಲೆಮಾನ್ಸ್ ಸರದಿ.
ಮಾರ್ಟಿನಿಕ್‌ನಲ್ಲಿರುವ ಮಗನೊಡನೆ ಹನ್ನೊಂದು ವರ್ಷ ಮಾತಿಲ್ಲ,
ಯಾಕೆಂದು ಎಲ್ಲರಿಗೂ ಬೇರೆಬೇರೆ ಗೊತ್ತು.
ಆಕೆ ಹೇಳಿದಳು, ನಾನು ತುಂಬಿದೆ:
ಚಾವಣಿ ಹೋಯಿತು ಆಡು ಬದುಕಿದೆ ನಾನೂ
"ಇನ್ನೂ ಇಪ್ಪತ್ತು ಇವೆ ಅಜ್ಜಿ."
ಆ ಇಪ್ಪತ್ತನ್ನೂ ಒಂದೊಂದಾಗಿ ನೋಡಿದಳು,
ಅಂಗಡಿಯಲ್ಲಿ ಕೊಳ್ಳಲಾಗದ್ದನ್ನು ನೋಡುವಂತೆ.
"ಹಿಂದಿನವನಿಗೆ ಕೊಡು."

ಹಿಂದಿನವನು ಥಿಯೋಡೂಲ್, ಮೀನುಗಾರ.
ಗಾಳಿ ಏಳುವ ಮುಂಚೆ ಅವನ ತಮ್ಮ
ದೋಣಿಯನ್ನು ಉತ್ತರದ ಕೊಲ್ಲಿಗೆ ಒಯ್ಯುತ್ತೇನೆಂದು ಹೋದವನು.
ಈಗ ಇವನು ನಲವತ್ತೈದು ಪದಗಳ ಧಣಿ.
ದೋಣಿಯ ಹೆಸರೊಂದನ್ನು ಹೇಳಿದ: ಪಾಸ್ಯಾನ್ಸ್.
ತಾಳಿದವನು ಬಾಳಿಯಾನು ಎಂಬಂಥ ಹೆಸರು.
"ಯಾರಿಗೆ ಕಳಿಸಲಿ?"
ಟೋಪಿ ತಿರುಗಿಸುತ್ತ ನಿಂತ.
"ವಿಳಾಸಕ್ಕೆ ಲೆಕ್ಕವಿಲ್ಲ, ಎಷ್ಟು ಬೇಕಾದರೂ ಬರೆಯಬಹುದು"
ಎಂದೆ ನಾನು, ದಡ್ಡಿ.

ಹೆಸ್ಕೆತ್ ಮೈಕನ್ನು ಮಗುಚಿ ಇಟ್ಟ.
ಆ ರಾತ್ರಿ ನಾವು ಬರೀ ಕೇಳಿದೆವು.
ಮೀನು ಹುರಿಯುವಂಥ ಗರಗರ, ಅದರ ನಡುವೆ
ಯಾರೋ ಇನ್ಸುಲಿನ್ ಕೇಳುತ್ತ, ಯಾರೋ ಸ್ಪ್ಯಾನಿಷ್‌ನಲ್ಲಿ ಬಯ್ಯುತ್ತ,
ಯಾವಳೋ ಹೆಂಗಸು ದೂರದಿಂದ ಹೆಸರುಗಳನ್ನು
ಅಕ್ಷರ ಅಕ್ಷರ ಬಿಡಿಸಿ ಓದುತ್ತ.
ಪ್ರತಿ ಹೆಸರಿಗೂ ಥಿಯೋಡೂಲ್ ಕತ್ತೆತ್ತಿದ,
ಹೆಂಗಸರ ಹೆಸರಿಗೂ.
ಬೆಳಕು ಹರಿದಾಗ ನೋಡಿದರೆ ಸೂಜಿ ಹನ್ನೊಂದರ ಕೆಳಗೆ.
ಕೇಳುವುದೂ ತಿನ್ನುತ್ತದೆ, ನಿಧಾನವಾಗಿ.

ಮಾರ್ಟಿನಿಕ್‌ನಿಂದ ಉತ್ತರ ನಾಲ್ಕು ದಿನಕ್ಕೇ ಬಂತು:
ಆಡಿನ ಹೆಸರೇನು
ಎರಡೇ ಪದ. ಮಾ ಕ್ಲೆಮಾನ್ಸ್ ಚೀಟಿಯನ್ನು
ಮನೆಗೆ ಒಯ್ದು ಆಡಿಗೆ ಓದಿ ಹೇಳಿದಳಂತೆ.

ಆಮೇಲೆ ಗೋಪುರ ಎದ್ದಿತು. ಜನ ಮೊದಲಿನಂತೆ
ಗಂಟೆಗಟ್ಟಲೆ ಏನೇನೋ ಮಾತಾಡಿದರು.

ನಲವತ್ತೊಂದನೆಯ ಚೀಟಿ ನನ್ನ ಹತ್ತಿರವೇ ಉಳಿದಿದೆ.
ಮೊದಲ ಚೌಕದಲ್ಲಿ ಪಾಸ್ಯಾನ್ಸ್,
ಮಿಕ್ಕ ಇಪ್ಪತ್ನಾಲ್ಕು ಖಾಲಿ, ಕಡವಾಗಿ ಬಂದ ಇಪ್ಪತ್ತು ಬೇರೆ.
ವಿಳಾಸದ ಜಾಗದಲ್ಲಿ ಏನನ್ನೋ ಬರೆದು
ಒದ್ದೆ ಬೆರಳಿನಿಂದ ಉಜ್ಜಿದ್ದೇನೆ.
ಏನು ಬರೆದಿದ್ದೆನೋ.