ಕೈಯಾಗ ಉಳಿದದ್ದು

ಮಣೂಕದ ಸವಾಲು ಹನ್ನೊಂದಕ್ಕ ಸುರು.
ಕೋಲ್ಡ್ ಸ್ಟೋರೇಜಿನ ಮ್ಯಾಲಿನ ಖೋಲ್ಯಾಗ
ನಾನು, ಲ್ಯಾಪ್‌ಟಾಪು, ಮತ್ತ ಗ್ವಾಡಿಗೆ ಹತ್ತಿದ
ಗಂಧಕದ ಹೊಗಿ ವಾಸನಿ, ಎಷ್ಟು ಸುಣ್ಣ ಬಳದರೂ ಹೋಗದ್ದು.
ಕೆಳಗ ವಿಜಾಪುರದ ಬಿಸಲು, ಚೀಲದ ಥಪ್ಪಿ,
ಕಾಟಾದ ಹತ್ತರ ದಸ್ತಗೀರ.
ನನ್ನ ಕೆಲಸ ಭಾಳ ಸಣ್ಣದು:
ಸರ್ವರು ಕಳಿಸಿದ ದರ ಬಂದ ಬಂದಂಗ
ವ್ಯಾಪಾರಿಗಳ ಪರದೆಕ್ಕ ಹಚ್ಚೂದು.

ಬಂದಂಗ ಅನ್ನೂದು ಸುಳ್ಳು.
ಸುದ್ದಿ ಇಡಿಯಾಗಿ ಬರೂದಿಲ್ಲ, ತುಣುಕಾಗಿ ಬರ್ತದ,
ಎಲ್ಲಿ ಕಡೀಬೇಕು ಅನ್ನೂದು ತಂತಿಗೆ ಗೊತ್ತಿಲ್ಲ.
ಹೂವಿನ ಬ್ರಾಕೆಟ್ಟು ತೆರೀತದ,
ಊರು ತಿಕೋಟಾ, ಚೀಲ ನಲವತ್ತು, ದರ ಒಂದು ಎಂಟು—
ಮುಂದ ಏನೂ ಇಲ್ಲ.
ಜೇಸನ್ ಪಾರ್ಸು ಕೆಂಪಾಗಿ ಒದರತದ:
ಇಷ್ಟರಾಗ ಹೆಂಗ ಮುಗೀತು?

ಮೊದಲನೇ ವಾರ ನಾನು ಶಾಣ್ಯಾಕಿ.
ಬ್ರಾಕೆಟ್ಟು ಬರಲಿಲ್ಲಂದ್ರ ನಾನೇ ಮುಚ್ಚಿದೆ.
ಪರದೆ ಮ್ಯಾಲೆ ತಿಕೋಟಾದ ಮಣೂಕ
ಕಿಲೋಕ್ಕ ಹದಿನೆಂಟು ರೂಪಾಯಿ.
ಐದು ಇನ್ನೂ ದಾರ್ಯಾಗಿತ್ತು.
ಮೂರು ಸೆಕೆಂಡು ಅಷ್ಟೇ. ಮುರಿಗೆಪ್ಪ ಮಾತ್ರ
ಆ ಮೂರು ಸೆಕೆಂಡಿನ್ಯಾಗ ಕುರ್ಚಿ ಬಿಟ್ಟು ಎದ್ದು ನಿಂತಿದ್ದ.

ಅವನ ಹೆಸರೂ ಒಮ್ಮೆ ಹಂಗೇ ಆತು.
ನಮ್ಮ ಒಂದೊಂದು ಅಕ್ಷರ ಮೂರು ಬೈಟು,
ಎರಡು ಈ ಕಡೆ, ಒಂದು ಆ ಕಡೆ.
ಮುರಿಗೆ ತನಕ ಬಂತು, ಮುಂದ
ಕರೇ ಚೌಕಿನೊಳಗ ಒಂದು ಪ್ರಶ್ನಾರ್ಥ.
"ಏನವ್ವಾ, ನಾ ಯಾರಂತ ಯಂತ್ರಕ್ಕೂ ಸಂಶಯ ಏನು?" ಅಂದ.

ಡಿಕೋಡರಿಗೆ ಹೇಳಿದೆ: ಇನ್ನೂ ಬರೂದದ, ತಡಿ.
ಒಂದು ಖಾಲಿ ಸ್ಟ್ರಿಂಗು ಇಟ್ಟೆ, ಬಂದದ್ದನ್ನ ಅದಕ್ಕ ಕೂಡಿಸಿ,
ಸಾಲು ಮುಗಿದಲ್ಲಿ ಮುರದು, ಕಡೀ ತುಣುಕು
ಅರ್ಧಂಬರ್ಧ ಇದ್ದದ್ದನ್ನ ಕೈಯಾಗ ಇಟಗೊಂಡೆ.
ಸಾಲ್ಯಾಗ ಕೂಡಿಸೂ ಲೆಕ್ಕದಾಗ
ದಶಕ ಕೈಯಾಗ ಅಂತಿದ್ವಿ, ಹಂಗ.

ದಸ್ತಗೀರನ ಮಾತು ತಡವರಸತದ.
ಚ... ಚ... ಅಂದ್ರ ಹಮಾಲರೆಲ್ಲಾ
"ಚಾ ತರ್ರೋ ಇವಗ" ಅಂತಾರ.
ಅವತ್ತೂ ಚಾ ಬಂತು. ಕುಡದ.
ಅಷ್ಟೊತ್ತಿಗೆ ಚೀಲ ಹರದು
ಕಾಟಾದಿಂದ ಬಾಗಲತನಕ ಹಳದಿ ದ್ರಾಕ್ಷಿ.
ಅವ ಹೇಳಾಕ ಹೊಂಟಿದ್ದು ಚೀಲ.
ಎಷ್ಟು ವರ್ಷದಿಂದ ಬ್ಯಾಡಾದ ಚಾ ಕುಡದಾನೋ.

ಐದಕ್ಕ ಸವಾಲು ನಿಂತದ, ಹರಿವು ಮುಗೀತು ಅಂತದ.
ಕಡೀ ಲಾಟಿನ ಹಿಂದ ಹೊಸ ಸಾಲಿಲ್ಲ,
ಅದಕ್ಕ ಅದು ಕೈಯಾಗೇ ಉಳೀತದ.
ಎರಡು ದಿನ ಯಾರದೋ ಅರವತ್ತು ಚೀಲ
ನನ್ನ ಮುಷ್ಟ್ಯಾಗ ಇದ್ದದ್ದು ನನಗೇ ಗೊತ್ತಿರಲಿಲ್ಲ.
ಈಗ ಏಳೂ ಮುಂಚೆ ಒಮ್ಮೆ ಕೈ ಬಿಚ್ಚಿ ನೋಡತೀನಿ.

ನೋಡಿ ಏಳೂದ್ರಾಗ ಪಾವಟಿಗಿ ಹತ್ತಿ ದಸ್ತಗೀರ ಬಂದ.
ಬಾಗಲಕ್ಕ ಕೈ ಹಚ್ಚಿ ನಿ... ಅಂದ.
ನಿದ್ದಿ? ನಿಂಬಿ ಶರಬತ್ತು? ನಾಲಿಗಿ ತುದಿಗೆ ಬಂದಿತ್ತು, ನುಂಗಿದೆ.
ಫ್ಯಾನು ತಿರಗತಿತ್ತು. ನಿ... ನಿಮ್...
ಕೆಳಗ ಯಾರೋ ಶಟರ್ ಎಳದರು.
"ನಿಮ್ಮ ಸ್ಕೂಟಿ ಲೈಟು ಮುಂಜಾಲಿಂದ ಹತ್ತೇ ಅದ ರೀ."